ಮಗನ ಪಕ್ಕದಲ್ಲಿ ಕುಳಿತ ಪೈಲ್ವಾನರು

ಮಲಪ್ರಭೆಯ ದಂಡೆಯ ಆ ಸಣ್ಣ ಮಠದಲ್ಲಿ ಮಾತೋಶ್ರೀ ನೀಲಾಂಬಿಕಾ ತಾಯಿಯವರಿಗೆ ಗದ್ದುಗೆ ಎಂಬುದಿರಲಿಲ್ಲ. ದಾಸೋಹದ ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಲೇ ಬಂದವರ ದುಃಖ ಕೇಳುವರು. ಕುಡಿತಕ್ಕೆ ಬಿದ್ದವರನ್ನು ಇರಿಸಿಕೊಂಡು, ತಾಲ್ಲೂಕಿನ ವೈದ್ಯರಿಂದ ಔಷಧ ಕೊಡಿಸಿ, ಗುಣಪಡಿಸಿ ಕಳಿಸುತ್ತಿದ್ದರು.

ಒಂದು ಮುಂಜಾನೆ ಪೈಲ್ವಾನ್ ಯಮನಪ್ಪನವರು ಮಗ ಸಿದ್ರಾಮನ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. ಸುತ್ತಿನ ಗರಡಿಗಳಲ್ಲೆಲ್ಲ ಅವರದು ದೊಡ್ಡ ಹೆಸರು. ಅಂಥವರ ಮಗ ಹಾಡಹಗಲೇ ಬಜಾರದಲ್ಲಿ ತೂರಾಡುವುದೆಂದರೆ! ಅವರು ಮಗನೊಡನೆ ಮಾತು ಬಿಟ್ಟು ವರ್ಷವಾಗಿತ್ತು. ಮಠದಿಂದ ಏನೂ ಆಗದೆಂದೇ ಅವರ ಎಣಿಕೆ. ಸೊಸೆಯ ಅಳು ನೋಡಲಾರದೆ ಬಂದಿದ್ದರು.

"ಇವನ್ನ ಇಲ್ಲೇ ಬಿಟ್ಟು ಹೊಕ್ಕೀನ್ರಿ, ಅವ್ವಾರ. ನೆಟ್ಟಗಾದ್ರ ಕಳಸ್ರಿ."

ತಾಯಿಯವರು ತಲೆಯೆತ್ತಿದರು. "ನೀವೂ ಇರಬೇಕು."

"ಕುಡಿಯಾಂವ ಅವ. ನಾನ್ಯಾಕ್ರಿ?"

"ಔಷಧ ಡಾಕ್ಟರ್ ಕೊಡ್ತಾರ. ಅಪ್ಪನ್ನ ನಾ ಎಲ್ಲಿಂದ ತರ್ಲಿ?"

ಯಮನಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಆದರೂ ಹೊರಡಲು ಕಾಲು ಹೊಸ್ತಿಲು ದಾಟಲಿಲ್ಲ; ಮಗನೊಡನೆ ಅಲ್ಲೇ ಉಳಿದರು.

ಕುಡಿತ ನಿಂತ ಮೊದಮೊದಲ ದಿನಗಳಲ್ಲಿ ಸಿದ್ರಾಮನ ಮೈ ಗಡಗಡ ನಡುಗಿತು. ವೈದ್ಯರು ಬಂದು ನೋಡಿ, ಗುಳಿಗೆ ಕೊಟ್ಟು, ನೀರು ಕುಡಿಸುತ್ತಿರಿ ಎಂದು ಹೇಳಿ ಹೋದರು. ಪೈಲ್ವಾನರು ಗೋಡೆಯ ಕಡೆ ಮುಖ ಮಾಡಿ ಕುಳಿತೇ ಇದ್ದರು. ಮಗನ ಕೈಯಿಂದ ತಂಬಿಗೆ ಜಾರಿ ಬಿದ್ದ ಸದ್ದಿಗೆ ತಿರುಗಿದರು. ಎದ್ದು ಹೋಗಿ, ಕತ್ತಿನ ಹಿಂದೆ ಕೈಕೊಟ್ಟು ಎಬ್ಬಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿದರು.

"ಅಪ್ಪಾ, ನಾ ಕುಸ್ತಿ ಸೋತು ಬಂದಾಗಿಂದ ನೀವು ನನ್ನ ಮಾರಿ ನೋಡಿರಲಿಲ್ರಿ" ಎಂದ ಸಿದ್ರಾಮ.

ಪೈಲ್ವಾನರು ಮಗನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಅತ್ತರು.

ಅಂದಿನಿಂದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡರು. ಸೊಸೆಯೂ ಬಂದು ಸೇರಿದಳು. ಮೂವರೂ ತಾಯಿಯವರೆದುರು ಕುಳಿತು, ಮನೆಯಲ್ಲಿ ಎಂದೂ ಆಡದ ಮಾತುಗಳನ್ನಾಡಿ ಹಗುರಾದರು. ಕುಡಿಯುವ ಆಸೆ ಕೆರಳಿದಾಗ ಮುಚ್ಚಿಡದೆ ಹೇಳುವುದನ್ನು ಮಗ ಕಲಿತ. ಬೈಯದೆ ಕೇಳುವುದನ್ನು ತಂದೆ ಕಲಿತರು.

ಊರಿಗೆ ಮರಳಿದ ದಿನ ಸಿದ್ರಾಮ ತಲೆತಗ್ಗಿಸಿ ಹಿಂದಿನ ಓಣಿ ಹಿಡಿಯಹೋದ. ಯಮನಪ್ಪನವರು ಅವನ ಹೆಗಲ ಮೇಲೆ ಕೈಹಾಕಿ ನಡುಬಜಾರದಲ್ಲೇ ನಡೆಸಿಕೊಂಡು ಬಂದರು.

"ಎಲ್ಲಿಗೆ ಹೋಗಿದ್ರಿ, ಉಸ್ತಾದರ?" ಚಹಾದಂಗಡಿಯ ಮುಂದಿನವರು ಕೇಳಿದರು.

"ತಾಯಿಯವರ ಮಠಕ್ಕ! ನನ್ನ ಮಗ ಕುಡಿಯೂದು ಬಿಟ್ಟಾನ. ನಾನೂ ಅವನ ಕೂಡ ಇದ್ದೆ!"

ತಾವು ಗೆದ್ದ ಯಾವ ಕುಸ್ತಿಯನ್ನೂ ಅವರು ಅಷ್ಟು ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ.