ಅವರೆ ಬೇರಿನ ಗಂಟಿನೊಳಗೆ ಒಲೆ ಹೊತ್ತಿದ್ದು

ಬನ್ನಿ ಮಕ್ಕಳೆ, ಗೋಡೆಗೆ ಒರಗಿ ಕೂತುಕೊಳ್ಳಿ. ಕಾಲು ಆಡಿಸೋದು ನಿಲ್ಲಿಸಿ. ಕಾಲು ನಿಲ್ಲದವರಿಗೆ ಕತೆ ಕಿವಿಗೆ ಇಳಿಯೋದಿಲ್ಲ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯೋಣ ಅಂತ ಹೊಳೆಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಆಗ ಮಣ್ಣವ್ವನಿಗೆ ಎಣಿಸಲಾರದಷ್ಟು ಮಕ್ಕಳು. ಎಷ್ಟು ಸಣ್ಣವು ಅಂದರೆ, ಹೆತ್ತ ತಾಯಿಯ ಕಣ್ಣಿಗೂ ಕಾಣುತ್ತಿರಲಿಲ್ಲ. ಕಾಣದವು ಅಂತಲೇ ಅವಕ್ಕೆ ಹೆಸರು. ತರಗೆಲೆ, ಸಗಣಿ, ಕಸಕಡ್ಡಿ ತಿಂದುಕೊಂಡು ಮಣ್ಣೊಳಗೆ ಓಡಾಡಿಕೊಂಡಿದ್ದವು.

ಆ ಮಣ್ಣಿನಲ್ಲಿ ಸಣ್ಣತಾಯಮ್ಮ ಅನ್ನೋಳು, ಅವಳ ಗಂಡ ಬೊಮ್ಮಣ್ಣ ರಾಗಿ ಬೆಳೆಯುತ್ತಿದ್ದರು. ಸಣ್ಣತಾಯಮ್ಮ ಕೂತಲ್ಲಿ ಕೂರುವವಳಲ್ಲ. ಅಂಗಳ ಗುಡಿಸಿದ್ದಾದರೆ ಬೀದಿ, ಬೀದಿ ಆದರೆ ಹೊಲ. ಹೊಲವನ್ನೂ ಪೊರಕೆ ಹಿಡಿದು ಗುಡಿಸಿ, ಒಂದೆಲೆ ಬಿಡದೆ ಬೆಂಕಿಗೆ ಹಾಕೋಳು. ಕಾಣದವಕ್ಕೆ ತಿನ್ನಲು ಏನೂ ಉಳಿಯಲಿಲ್ಲ. ಬಿಸಿಲಿಗೆ ಮೈ ಸುಟ್ಟುಕೊಂಡು ಅತ್ತಿಂದಿತ್ತ, ಇತ್ತಿಂದತ್ತ ಅಲೆದವು.

ಮೊದಲ ವರ್ಷ ರಾಗಿ ಮೊಣಕಾಲುದ್ದ ಬಂತು. ಮರುವರ್ಷ ಗೇಣುದ್ದ. ಮೂರನೇ ವರ್ಷಕ್ಕೆ ಮೊರದಲ್ಲಿ ಉಳಿದಿದ್ದು ಒಂದು ಬೊಗಸೆ ಬೀಜ. ಇಡೀ ಲೋಕಕ್ಕೆ ಅಷ್ಟೇ ರಾಗಿ. ಅದು ಕೈಕೊಟ್ಟರೆ ರಾಗಿ ಅನ್ನೋ ಹೆಸರೇ ಇರೋದಿಲ್ಲ.

ಒಂದು ಬೊಗಸೆ ಇಡೀ ಹೊಲಕ್ಕೆ ಎಲ್ಲಿ ಸಾಲುತ್ತೆ? ನಡುನಡುವೆ ಬರಿದಾಗಿ ಉಳಿದ ಸಾಲುಗಳಿಗೆ ಅವಳು ಅವರೆ ಹಾಕಿದಳು.

ಅಲೆಯುತ್ತಿದ್ದ ಕಾಣದವು ರಾಗಿಯ ಬೇರು ತಟ್ಟಿದವು. ನನ್ನ ಬೇರೇ ಕೂದಲೆಳೆ, ನಿಮ್ಮನ್ನ ಎಲ್ಲಿ ಇಟ್ಟುಕೊಳ್ಳಲಿ, ಮುಂದೆ ಹೋಗಿ ಅಂದಿತು ರಾಗಿ. ಅವರೆಯ ಬೇರು ತಟ್ಟಿದವು. ನಿಮಗೇನು ಕೆಲಸ ಬರುತ್ತೆ ಅಂತ ಅವರೆ ಕೇಳಿತು. ಗಾಳಿಯನ್ನ ಬೇಯಿಸಿ ಅಡುಗೆ ಮಾಡೋಕೆ ಬರುತ್ತೆ ಅಂದವು. ಮೇಲೆ ಸುಳಿಯುತ್ತಿದ್ದ ಗಾಳಿಗೆ ನಗು ಬಂತು. ನನ್ನ ಜೋಳಿಗೆ ತುಂಬ ಗಿಡಗಳ ಊಟವೇ ಇದೆ, ಆದರೆ ಹಸಿಯದು ಯಾವ ಗಿಡಕ್ಕೂ ಅರಗೋದಿಲ್ಲ, ಇವು ಬೇಯಿಸುತ್ತವಂತೆ ಅಂತ ಆಡಿಕೊಂಡಿತು. ಅವರೆ ನಗಲಿಲ್ಲ. ಬೇರಿನ ಮೇಲೆ ಸಾಸಿವೆಕಾಳಿನಷ್ಟು ಸಾಸಿವೆಕಾಳಿನಷ್ಟು ಕೋಣೆ ಕಟ್ಟಿಕೊಟ್ಟು, ಸಿಹಿ ನಾನು ಕೊಡ್ತೀನಿ, ಅಡುಗೆ ನೀವು ಮಾಡಿ ಅಂದಿತು.

ಅವರೆ ಹಸಿರಾಯಿತು. ಅದರ ಬುಡದಲ್ಲಿ ಮಿಕ್ಕಿದ್ದನ್ನು ತಿಂದು ಪಕ್ಕದ ರಾಗಿಯೂ ತಲೆ ಎತ್ತಿತು.

ಸಣ್ಣತಾಯಮ್ಮನಿಗೆ ಮಾತ್ರ ನೆಮ್ಮದಿಯಿಲ್ಲ. ದಿನಕ್ಕೆ ಆರು ಸಲ ಹೊಲಕ್ಕೆ ಹೋಗೋಳು. ಬಂದು ಒಂದು ಲೋಟ ನೀರು ಕುಡಿದು ಮತ್ತೆ ಹೊರಡೋಳು.

"ಅಮ್ಮೀ, ಗಳಿಗೆಗೊಂದು ಸಲ ತೊಟ್ಟಿಲಿಂದ ಎತ್ತಿ ಅಳತೆ ನೋಡಿದರೆ ಕೂಸು ಬೆಳೆದೀತಾ?" ಅಂದ ಬೊಮ್ಮಣ್ಣ.

"ನಿಮ್ಮ ಹಾಗೆ ಕೂತರೆ ಬೇರು ಬಿಡೋದು ಗಿಡ ಅಲ್ಲ, ನೀವು," ಅಂದು ಹೊರಟೇಬಿಟ್ಟಳು.

ಹೋದವಳು ಒಂದು ಅವರೆ ಗಿಡ ಕಿತ್ತೇ ನೋಡಿದಳು. ಬೇರಿನ ತುಂಬ ಗುಳ್ಳೆ ಗುಳ್ಳೆ ಗಂಟು. ಗಿಡಕ್ಕೆ ಅಮ್ಮ ಎದ್ದಿದೆ ಅಂತ ಬೆದರಿದಳು. ಒಂದನ್ನ ಉಗುರಿನಲ್ಲಿ ಚಿವುಟಿದಳು. ಒಳಗೆ ಕೆಂಪು. ರಕ್ತ ಅಂದುಕೊಂಡಳು. ಇನ್ನು ಕೈ ನಿಲ್ಲುತ್ತದೆಯೆ? ಗಿಡಗಿಡದ ಬುಡ ಬಗೆದು, ಗಂಟು ಚಿವುಟಿ, ಮಣ್ಣು ಮುಚ್ಚಿ, ಮುಂದಿನ ಸಾಲು, ಮುಂದಿನ ಸಾಲು ಅಂತ ಒಂದಾದ ಮೇಲೊಂದು ಮಾಡುತ್ತ ಹೋದಳು.

ಎಂಟು ದಿನದಲ್ಲಿ ಚಿವುಟಿದ ಸಾಲೆಲ್ಲ ಹಳದಿ ತಿರುಗಿದವು. ಅವುಗಳ ಪಕ್ಕದ ರಾಗಿಯೂ ಹಳದಿ. ಹಸಿರು ಉಳಿದಿದ್ದು ಕೊನೆಯದೊಂದೇ ಸಾಲು. ಅದಕ್ಕೂ ರೋಗ ತಗಲುವ ಮುಂಚೆ ಚಿವುಟಬೇಕು ಅಂತ ಕೈಚಾಚಿದಾಗ ಅವರೆ ಬಾಯಿ ಬಿಟ್ಟಿತು.

"ತಾಯಿ, ಕೈ ತಗಿ. ಅದು ರಕ್ತ ಅಲ್ಲ, ಒಳಗೆ ಒಲೆ ಉರೀತಾ ಇದೆ. ಅದೂ ಆರಿದರೆ ನಾನೂ ಇಲ್ಲ, ನಿನ್ನ ರಾಗಿಯೂ ಇಲ್ಲ."

ಸಣ್ಣತಾಯಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಮುಂದೇನು ಮಾಡಲಿ ಅಂತ ಮಣ್ಣವ್ವನನ್ನ ಕೇಳಿಕೊಂಡಳು. ನನ್ನ ಮಕ್ಕಳ ಅನ್ನ ಸುಟ್ಟೆ, ಈಗ ಮನೆಯನ್ನೂ ಮುರಿದೆಯಲ್ಲೇ ಅಂತ ಮಣ್ಣವ್ವ ಚೆನ್ನಾಗಿ ಬೈದಳು. ಬೈದಾದ ಮೇಲೆ ದಾರಿ ಹೇಳಿದಳು. ನೀನು ಮುಟ್ಟದ ಸಾಲಿನ ಬುಡದಿಂದ ಒಂದು ಹಿಡಿ ಮಣ್ಣು ತಗೋ, ಬೆಲ್ಲದ ನೀರಲ್ಲಿ ಕಲಸಿ ಅವರೆ ಬೀಜಕ್ಕೆ ಸವರು, ನೆರಳಲ್ಲಿ ಆರಿಸಿ ಹಾಕು, ಮೇಲೆ ತರಗೆಲೆ ಹೊದಿಸು.

"ಆಮೇಲೆ ಮುಟ್ಟಬೇಡ," ಅಂದಳು.

ಎಲ್ಲ ಮಾಡಿದಳು. ಮುಟ್ಟದೆ ಇರೋದೊಂದೇ ಬಲು ಕಷ್ಟವಾಯಿತು. ಸೆರಗು ಹಿಂಡಿದಳು, ಬದುವಿನ ಮೇಲೆ ಅತ್ತಿಂದಿತ್ತ ನಡೆದು ನಡೆದು ಅಲ್ಲಿ ಕಾಲುದಾರಿಯೇ ಬಿತ್ತು. ಆ ವರ್ಷ ಒಂದೇ ಸಾಲಿನ ಆಚೀಚೆ ತೆನೆ ಬಂತು. ಬೀಜಕ್ಕೆ ಸಾಕಾಯಿತು. ಮರುವರ್ಷ ಹೊಲವೆಲ್ಲ ತುಂಬಿತು.

ಬೊಮ್ಮಣ್ಣ ದಿನಕ್ಕೆ ಮೂರು ಮುದ್ದೆ ನುಂಗಿ ಹೊಟ್ಟೆ ಬೆಳೆಸಿದ. ಕಾಣದವನ್ನು ಅಂದು ಹೊರಗೆ ಕಳಿಸಿದ ನಾಚಿಕೆಗೆ ರಾಗಿ ತೆನೆಯ ಬೆರಳುಗಳನ್ನ ಒಳಕ್ಕೆ ಮುದುರಿಕೊಂಡಿತು. ಜೋಳಿಗೆ ಖಾಲಿಯಾಗುತ್ತಿದೆ ಅಂತ ಗಾಳಿ ಇಂದಿಗೂ ಅವರೆ ಸಾಲಿನಲ್ಲಿ ಗೊಣಗುತ್ತ ಸುತ್ತುತ್ತೆ. ಸಣ್ಣತಾಯಮ್ಮ ಸಾಯುವ ತನಕ ಬದುವಿನ ಮೇಲೆ ನಡೆದಳು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ಕಾಣದವು ಕೋಣೆ ಬಿಟ್ಟು ಹೋಗಲಿಲ್ಲ. ಅದಕ್ಕೇ ನಮ್ಮ ಕಡೆ ರಾಗಿ ನಡುವೆ ಅಕ್ಕಡಿ ಸಾಲು ಅಂತ ಅವರೆ ಹಾಕೋದು, ಅದಕ್ಕೇ ನೀವು ಅವರೆ ಬೇರಿನ ಗಂಟು ಒಂದನ್ನ, ಒಂದನ್ನೇ, ಚಿವುಟಿ ನೋಡಿದರೆ ಒಳಗೆ ಕೆಂಡದ ಹಾಗೆ ಕೆಂಪಗಿರೋದು.