ಬೋರಲು ಹಾಕಿದ ಹರಿಗೋಲು

"ಗುರುಗಳೇ, ಮನಸ್ಸು ಕೆಟ್ಟವರು ಮಾತಾಡಿದಾಗ ಅದು ಅವರ ದನಿಯೋ, ಕಾಯಿಲೆಯ ದನಿಯೋ? ಹೇಗೆ ತಿಳಿಯುವುದು?"

ಶಿಷ್ಯ ಚೆನ್ನವೀರ ಕೇಳಿದ. ಕುಳಿತು ಕೇಳಲಿಲ್ಲ, ನಿಂತೇ ಕೇಳಿದ. ಗುರುಗಳು ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರ ಮನಸ್ಸು?"

"ನನ್ನ ತಂಗಿಯದು. ಹೋದ ವರ್ಷ ಅವಳಿಗೆ ಏನೇನೋ ಕಾಣಿಸುತ್ತಿತ್ತು. ಯಾರೋ ಬೈದ ಹಾಗೆ ಕೇಳಿಸುತ್ತಿತ್ತು. ಔಷಧಿಯಿಂದ ಈಗ ಎಷ್ಟೋ ಗುಣವಾಗಿದೆಯಂತೆ. ಆದರೂ ಮನೆಯವರಿಗೆ ಭಯ. ಅಂಥವರನ್ನು ಇಟ್ಟುಕೊಳ್ಳುವ ಒಂದು ಕ್ಷೇತ್ರ ದೂರದಲ್ಲಿದೆ, ಅಲ್ಲಿ ಬಿಟ್ಟುಬರೋಣ ಎನ್ನುತ್ತಾರೆ. ಅವಳು ಒಲ್ಲೆ ಎನ್ನುತ್ತಾಳಂತೆ. ಮನೆಯಲ್ಲೇ ಇರುತ್ತೇನೆ, ಮೊದಲಿನ ಹಾಗೆ ಊರ ಹೆಣ್ಣುಮಕ್ಕಳಿಗೆ ಕೌದಿ ಹೊಲಿಯುವುದನ್ನು ಕಲಿಸುತ್ತೇನೆ ಎನ್ನುತ್ತಾಳಂತೆ. ನಾಳೆ ಹಿರಿಯರು ಸೇರುತ್ತಾರೆ. ನಾನು ಅಣ್ಣ. ನನ್ನ ಮಾತೇ ಕೊನೆಯ ಮಾತು."

"ಅಬ್ಬಾ! ಕೊನೆಯ ಮಾತೇ? ದೊಡ್ಡ ಮನುಷ್ಯನಾಗಿಬಿಟ್ಟೆಯಲ್ಲೋ. ಮೊದಲು ಕುಳಿತುಕೋ. ನಿಂತವನಿಗೆ ಕತೆ ಹೇಳಿದರೆ ಅರ್ಧ ಕತೆ ಕಾಲಿಗೇ ಹೋಗುತ್ತದೆ."

ಚೆನ್ನವೀರ ಕುಳಿತ. ಗುರುಗಳು ಬತ್ತಿಯನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಂದು ನದಿ. ಈಚೆ ದಡದಲ್ಲಿ ಒಂದು ಊರು, ಆಚೆ ದಡದಲ್ಲಿ ಸಂತೆಯ ಊರು. ನಡುವೆ ದಾಟಿಸುವವನು ಒಬ್ಬ ಅಂಬಿಗ. ಅವನದು ಹರಿಗೋಲು. ಗೊತ್ತಲ್ಲ, ಬಿದಿರಿನ ದುಂಡು ಬುಟ್ಟಿ, ತಳಕ್ಕೆ ತೊಗಲು. ಅದು ದೋಣಿಯ ಹಾಗೆ ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತ ಸುತ್ತುತ್ತ ಆಚೆ ಸೇರುತ್ತದೆ. ಹೊಸಬರು ಹತ್ತಿದರೆ ಬೊಬ್ಬೆ ಹೊಡೆಯುತ್ತಾರೆ. ಅಂಬಿಗ ನಗುತ್ತಿದ್ದ. "ತಿರುಗುವುದು ಅದರ ಗುಣ ತಾಯಿ, ದಾಟಿಸುವುದು ನನ್ನ ಕೆಲಸ" ಎನ್ನುತ್ತಿದ್ದ. ಆ ಕೆಲಸವೆಂದರೆ ಅವನಿಗೆ ಪ್ರಾಣ.

ಅವನಿಗೊಬ್ಬ ಅಣ್ಣ. ಬೇಸಾಯಗಾರ. ತಂದೆತಾಯಿ ಹೋದ ಮೇಲೆ ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದವನು. ತಮ್ಮನಿಗೆ ಒಂದು ಸೀನು ಬಂದರೆ ಇವನು ಕಷಾಯ ಕಾಯಿಸುತ್ತಿದ್ದ. ಅಂಥ ಅಣ್ಣ.

ಆ ದಡದಲ್ಲಿ ಒಂದು ಕಟ್ಟಳೆ ಇತ್ತು. ಅಂಬಿಗ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿದರೆ ಆ ದಿನ ದಾಟಿಸುವುದಿಲ್ಲ ಎಂದರ್ಥ. ಬಂದವರು ನೋಡಿ, ಹೊಳೆ ದಾಟಲು ಇದ್ದ ಇನ್ನೊಂದು ಜಾಗಕ್ಕೆ, ಮೇಲಿನ ಕಡವಿಗೆ, ನಡೆದುಹೋಗುತ್ತಿದ್ದರು. ಏಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಬೋರಲು ಹಾಕುವವನೂ ಅಂಬಿಗನೇ, ಮತ್ತೆ ಎತ್ತುವವನೂ ಅಂಬಿಗನೇ. ಬೇರೆಯವರು ಮುಟ್ಟುವಂತಿರಲಿಲ್ಲ. ಊರ ಗೌಡನೇ ಆಗಲಿ, ಒಡಹುಟ್ಟಿದವನೇ ಆಗಲಿ.

ಒಂದು ವರ್ಷ ಅಂಬಿಗನ ಮನಸ್ಸು ಕೆಟ್ಟಿತು. ನಿದ್ದೆ ಹೋಯಿತು. ನೀರು ತನ್ನ ಹೆಸರು ಹಿಡಿದು ಕರೆಯುತ್ತಿದೆ ಎಂದ. ಜನ ನಕ್ಕರು. ಆಮೇಲೊಂದು ದಿನ ನಡುನೀರಿನಲ್ಲಿ ಹುಟ್ಟನ್ನು ಕೆಳಗಿಟ್ಟು ಸುಮ್ಮನೆ ಕಿವಿಗೊಟ್ಟು ಕುಳಿತುಬಿಟ್ಟ. ಹರಿಗೋಲಿನಲ್ಲಿ ಒಬ್ಬ ಬಸುರಿ ಇದ್ದಳು, ಒಬ್ಬ ವರ್ತಕನಿದ್ದ. ಹರಿಗೋಲು ಬಂಡೆಗಳ ಕಡೆಗೆ ಹೊರಟಿತು. ವರ್ತಕ ಹುಟ್ಟು ಹಿಡಿದು ಹೇಗೋ ದಡ ಕಾಣಿಸಿದ. ಜೀವ ಉಳಿದದ್ದು ಪುಣ್ಯ.

ಆಮೇಲೆ ನಗುವವರು ಯಾರೂ ಇರಲಿಲ್ಲ. ಹತ್ತು ಜನ ಹತ್ತು ಮಾತು ಹೇಳಿದರು. ಗಾಳಿ ಸೋಕಿದೆ, ಬೇವಿನ ಬರಲು ತಾ ಎಂದರು. ಅಣ್ಣ ಎಲ್ಲವನ್ನೂ ಮಾಡಿಸಿದ. ಕೊನೆಗೆ ತಮ್ಮನ ಕಾಲಿಗೆ ಸರಪಳಿ ಹಾಕಿ ನಡುಮನೆಯ ಕಂಬಕ್ಕೆ ಕಟ್ಟಿದ. ಕಟ್ಟಿ ಹಿತ್ತಲಿಗೆ ಹೋಗಿ ಅತ್ತ. ಎರಡೂ ನಿಜ.

ಒಬ್ಬ ವೈದ್ಯ ಬಂದ. ಮೊದಲು ಸರಪಳಿ ಬಿಚ್ಚಿಸಿದ. ಔಷಧಿ ಕೊಟ್ಟ. ನಿದ್ದೆ ಬಂತು. ಕೆಲವು ತಿಂಗಳಲ್ಲಿ ನೀರು ಹೆಸರು ಹಿಡಿದು ಕರೆಯುವುದು ನಿಂತಿತು. ಕಾಯಿಲೆಯಲ್ಲಿದ್ದಾಗ ತಾನು ಮಾಡಿದ್ದು ಎಷ್ಟೋ ಅಂಬಿಗನಿಗೆ ನೆನಪೇ ಇರಲಿಲ್ಲ. ಬೇರೆಯವರು ಹೇಳಿದಾಗ ತಲೆ ತಗ್ಗಿಸುತ್ತಿದ್ದ. ಅಣ್ಣ ಹೊತ್ತು ಹೊತ್ತಿಗೆ ಊಟ ಹಾಕುತ್ತಿದ್ದ. ಅಂಬಿಗ ಉಂಡು ಜಗುಲಿಯ ಮೇಲೆ ಕುಳಿತಿರುತ್ತಿದ್ದ. ಗುಣವಾಯಿತು ಎಂದು ಊರೆಲ್ಲ ಹೇಳಿತು.

ವೈದ್ಯ ಇನ್ನೊಮ್ಮೆ ನೋಡಲು ಬಂದ. "ಊಟ ಮಾಡುತ್ತೀಯಾ?" ಎಂದು ಅಂಬಿಗನನ್ನು ಕೇಳಿದ. "ಮಾಡುತ್ತಾನೆ" ಎಂದ ಅಣ್ಣ. "ನಿದ್ದೆ ಬರುತ್ತದೆಯೇ?" "ಬರುತ್ತದೆ" ಎಂದ ಅಣ್ಣ. ವೈದ್ಯನಿಗೆ ರೇಗಿತು. "ಅಯ್ಯಾ, ಕೆಟ್ಟದ್ದು ಅವನ ಮನಸ್ಸು ಎಂದುಕೊಂಡಿದ್ದೆ. ನಾಲಿಗೆಯೂ ಬಿದ್ದುಹೋಗಿದೆಯೇ?" ಅಣ್ಣ ಬಾಯಿ ಮುಚ್ಚಿದ. ವೈದ್ಯ ಮತ್ತೆ ಅಂಬಿಗನನ್ನು ಕೇಳಿದ. ಅಂಬಿಗ, "ನನಗೆ ಹುಟ್ಟು ಬೇಕು, ಹೊಳೆ ಬೇಕು" ಎಂದ.

"ನೋಡಿ! ಮತ್ತೆ ಹೊಳೆ! ಇದೇ ಕಾಯಿಲೆ!" ಅಣ್ಣ ಕಿರುಚಿದ.

ನೀನೂ ಹಾಗೇ ಕಿರುಚುತ್ತಿದ್ದೆ, ಚೆನ್ನವೀರ. ತಲೆಯಾಡಿಸಬೇಡ.

ಅಂಬಿಗ ಊರ ಹಿರಿಯರನ್ನು ಕರೆಸಿದ. ಅವರ ಮುಂದೆ ಹೇಳಿದ. "ನನ್ನ ಕಾಯಿಲೆ ಹೇಳದೆ ಬರುವುದಿಲ್ಲ. ಬರುವ ಮುಂಚೆ ನಿದ್ದೆ ಹೋಗುತ್ತದೆ, ನೀರಿನ ಸದ್ದು ಕಿವಿಯಲ್ಲಿ ದೊಡ್ಡದಾಗುತ್ತದೆ. ಅದು ನಿಮಗಿಂತ ಮುಂಚೆ ನನಗೆ ತಿಳಿಯುತ್ತದೆ. ತಿಳಿದ ಕೂಡಲೇ ಹರಿಗೋಲು ಬೋರಲು ಹಾಕುತ್ತೇನೆ. ಹಾಕಿದ ಮೇಲೆ ನಾನು ಕಾಲಿಗೆ ಬಿದ್ದರೂ ಹುಟ್ಟು ಕೊಡಬೇಡಿ. ಬೇಡವೆಂದರೂ ಔಷಧಿ ಕುಡಿಸಿ. ಸರಪಳಿ ಮಾತ್ರ ಬೇಡ. ಅಣ್ಣ ಪಕ್ಕದಲ್ಲಿ ಕುಳಿತಿರಲಿ, ಸಾಕು. ಉಳಿದ ದಿನ ನನ್ನನ್ನು ನನ್ನ ಪಾಡಿಗೆ ಬಿಡಿ. ಬುದ್ಧಿ ನೆಟ್ಟಗಿರುವಾಗ ಹೇಳುತ್ತಿದ್ದೇನೆ. ಕೆಟ್ಟಾಗ ನಾನು ಬೇರೆ ಹೇಳಿದರೂ ಇದನ್ನೇ ನಡೆಸಿ."

ಹಿರಿಯರು ಒಪ್ಪಿದರು. ಅಣ್ಣ ಕೈಯ ಮೇಲೆ ಕೈ ಹಾಕಿ ಮಾತು ಕೊಟ್ಟ.

ಮಾತು ನಡೆಯಿತು. ಒಮ್ಮೆ ಹರಿಗೋಲು ಬೋರಲು ಬಿತ್ತು. ಅಂಬಿಗ ಹುಟ್ಟಿಗಾಗಿ ಗೋಗರೆದ, ಬಾಯಿಗೆ ಬಂದ ಹಾಗೆ ಬೈದ. ಅಣ್ಣ ಹುಟ್ಟು ಕೊಡಲಿಲ್ಲ, ಸರಪಳಿಯನ್ನೂ ತರಲಿಲ್ಲ. ಪಕ್ಕದಲ್ಲಿ ಕುಳಿತೇ ಇದ್ದ. ಕಾಯಿಲೆ ಬಂದ ದಾರಿಯಲ್ಲೇ ಹೋಯಿತು. ಅಂಬಿಗ ತಾನೇ ಹರಿಗೋಲು ಎತ್ತಿ ನೀರಿಗಿಳಿಸಿದ. ಜನ ಹತ್ತಿದರು. ಮೈ ಬಿಸಿಯಿದ್ದರೂ ಮುಚ್ಚಿಟ್ಟು ದಾಟಿಸುವ ಅಂಬಿಗರಿದ್ದಾರೆ, ಇವನು ಹೇಳುತ್ತಾನೆ, ಇವನೇ ವಾಸಿ ಎಂದರು. ಎರಡು ಸುಗ್ಗಿ ಹಾಗೇ ಕಳೆದವು. ಅಂಬಿಗನ ನಗು ಮತ್ತೆ ನೀರಿನ ಮೇಲೆ ಕೇಳಿಸುತ್ತಿತ್ತು.

ಇಲ್ಲಿಂದ ಕೇಳು.

ಒಂದು ಮುಂಜಾನೆ ಅಂಬಿಗ ಬಚ್ಚಲಲ್ಲಿ ಗಟ್ಟಿಯಾಗಿ ಹಾಡುತ್ತಿದ್ದ. ಹೊಸ ನೀರು ಬಂದಿತ್ತು, ಅದಕ್ಕೇ ಸಂತೋಷ. ತನ್ನಷ್ಟಕ್ಕೆ ತಾನೇ ನಕ್ಕ. ಒಳಗಿದ್ದ ಅಣ್ಣ ಕೇಳಿಸಿಕೊಂಡ. ಇಷ್ಟು ನಗು ಒಳ್ಳೆಯದಲ್ಲ ಎಂದುಕೊಂಡ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆ ಕಂಡರೂ ಹಿಂದೆ ಸರಿಯುತ್ತದೆ. ತಮ್ಮನನ್ನು ಕೇಳಬಹುದಿತ್ತು. ಕೇಳಿದರೆ ನೊಂದುಕೊಳ್ಳುತ್ತಾನೆ ಎನ್ನಿಸಿತು. ಹಿತ್ತಲ ಬಾಗಿಲಿಂದ ಹೊಳೆಗೆ ಓಡಿ, ಹರಿಗೋಲನ್ನು ತಾನೇ ಬೋರಲು ಹಾಕಿ, ಏನೂ ಅರಿಯದವನ ಹಾಗೆ ಮನೆಗೆ ಬಂದ.

ಅಂಬಿಗ ಹೆಗಲ ಮೇಲೆ ಹುಟ್ಟು ಹೊತ್ತು ದಡಕ್ಕೆ ಹೋದ. ಹರಿಗೋಲು ಬೋರಲು ಬಿದ್ದಿತ್ತು. ಕಾದಿದ್ದ ಜನ ಏಕೆ ಎಂದು ಕೇಳದೆ ಮೇಲಿನ ಕಡವಿಗೆ ಹೊರಟಿದ್ದರು. ಅವನು ನಿಂತ. ಕಿವಿಗೊಟ್ಟ. ನೀರಿನ ಸದ್ದು ಎಂದಿನಂತೆಯೇ ಇತ್ತು. ರಾತ್ರಿ ನಿದ್ದೆಯೂ ಚೆನ್ನಾಗಿ ಬಂದಿತ್ತು. ಆದರೆ ಹರಿಗೋಲು ಬೋರಲು ಬಿದ್ದಿತ್ತು. ತನ್ನನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವವರಿಲ್ಲ. ಹಾಗಾದರೆ ತಾನೇ ಹಾಕಿರಬೇಕು. ಯಾವಾಗ? ನೆನಪಿಲ್ಲ.

ಅವನು ಮನೆಗೆ ಬಂದ. ತಾನೇ ಔಷಧಿ ಕೇಳಿ ಕುಡಿದ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ.

ಅಣ್ಣನಿಗೆ ಸಮಾಧಾನ! ನೋಡಿದೆಯಾ, ಸರಿಯಾದ ಹೊತ್ತಿಗೆ ತಡೆದೆ ಎಂದುಕೊಂಡ. ಪಕ್ಕದಲ್ಲಿ ಕುಳಿತ. ಒಂದು ವಾರವಾಯಿತು, ಇನ್ನೊಂದು ವಾರವಾಯಿತು. ಅಂಬಿಗ ಏಳಲಿಲ್ಲ. ಗೋಗರೆಯಲಿಲ್ಲ, ಬೈಯಲಿಲ್ಲ, ಹುಟ್ಟನ್ನೂ ಕೇಳಲಿಲ್ಲ. ಮೈ ಸೊರಗಿತು. ಕೊನೆಗೊಂದು ದಿನ ಎದ್ದು, ಹುಟ್ಟನ್ನು ತಂದು ಅಣ್ಣನ ಕಾಲ ಬಳಿ ಇಟ್ಟ.

"ಇದನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು. ಮುಂಚೆ ಕಾಯಿಲೆ ಬರುವುದು ನನಗೆ ತಿಳಿಯುತ್ತಿತ್ತು. ಈಗ ನನಗೆ ತಿಳಿಯದೆ ನನ್ನ ಕೈ ಕೆಲಸ ಮಾಡುತ್ತಿದೆ. ಇಂಥ ಕೈಯನ್ನು ನಂಬಿ ಜನರನ್ನು ಕೂರಿಸಿಕೊಳ್ಳಲಾರೆ."

ಅಣ್ಣ ತಮ್ಮನ ಕೈ ಹಿಡಿದುಕೊಂಡ. "ನಿನ್ನ ಕೈ ಅಲ್ಲವೋ ತಮ್ಮಾ, ನನ್ನ ಕೈ" ಎಂದ. ಎಲ್ಲವನ್ನೂ ಹೇಳಿದ. ನೀನು ಸಾಯಬಾರದು ಎಂದು ಮಾಡಿದೆ ಎಂದು ಎದೆ ಬಡಿದುಕೊಂಡು ಅತ್ತ.

ಅಂಬಿಗ ಕೂಗಾಡಲಿಲ್ಲ. ಕೂಗಾಡಿದ್ದರೆ ಅಣ್ಣನಿಗೆ ಹಗುರವಾಗುತ್ತಿತ್ತು. "ಅಣ್ಣಾ, ನೀನು ಸರಪಳಿ ಹಾಕಿದಾಗ ಹಾಕಿದವನು ಯಾರು ಎಂದು ನನಗೆ ಗೊತ್ತಿತ್ತು. ಈ ಸಲ ನಾನೇ ಹಾಕಿಕೊಂಡೆ ಎಂದುಕೊಂಡಿದ್ದೆ" ಎಂದ. ಅಷ್ಟೇ ಹೇಳಿದ.

ಗುರುಗಳು ಬತ್ತಿಯನ್ನು ಮತ್ತೆ ಕೈಗೆತ್ತಿಕೊಂಡರು. ಚೆನ್ನವೀರನಿಗೆ ತಡೆಯಲಾಗಲಿಲ್ಲ.

"ಅಣ್ಣ ಪ್ರೀತಿಯಿಂದಲೇ ಮಾಡಿದನಲ್ಲ, ಗುರುಗಳೇ?"

"ಪ್ರೀತಿಯಿಂದಲೇ. ಅಲ್ಲ ಎಂದು ನಾನು ಹೇಳಿದೆನೇ? ಹಗೆಯಿಂದ ಮಾಡಿದ್ದರೆ ತಮ್ಮ ಜಗಳಕ್ಕಾದರೂ ನಿಲ್ಲುತ್ತಿದ್ದ. ಸಾಕಿದ ಅಣ್ಣನ ಜೊತೆ ಯಾವ ಬಾಯಲ್ಲಿ ಜಗಳವಾಡುತ್ತಾನೆ?"

"ಅವನು ಮತ್ತೆ ಹೊಳೆಗೆ ಇಳಿದನೇ?"

"ಆತುರ ನೋಡು ಇವನದು. ಅಣ್ಣ ಅಂದೇ ಓಡಿಹೋಗಿ ಹರಿಗೋಲು ಎತ್ತಲು ಬಗ್ಗಿದ. ತಪ್ಪು ಮಾಡಿದ ಕೈಯೇ ಸರಿ ಮಾಡಲಿ ಎಂದು. ಅಂಬಿಗ, ಮುಟ್ಟಬೇಡ ಎಂದ. ತಾನೂ ಎತ್ತಲಿಲ್ಲ. ಗಡಿಗೆ ಒಡೆದರೆ ಅಂದೇ ಬೇರೊಂದು ತರಬಹುದು, ತನ್ನ ಮೇಲೆ ತನಗಿದ್ದ ನಂಬಿಕೆ ಹಾಗೆ ಸಿಗುವುದಿಲ್ಲಪ್ಪ. ದಿನವೂ ದಡಕ್ಕೆ ಬಂದು ನಿಲ್ಲುತ್ತಿದ್ದ. ನಿನ್ನೆ ಏನು ಮಾಡಿದೆ, ಇಂದು ಏನು ಮಾಡಿದೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಹಿಂದಿರುಗುತ್ತಿದ್ದ. ಮಳೆಗಾಲ ಮುಗಿಯಿತು, ಚಳಿಗಾಲ ಬಂತು. ವೈದ್ಯ ಬಂದು ಹೋದ. ಜನ ಮೇಲಿನ ಕಡವಿಗೇ ನಡೆದರು, ಯಾರೂ ಗೊಣಗಲಿಲ್ಲ. ಒಂದು ಬೆಳಿಗ್ಗೆ ತಾನೇ ಹರಿಗೋಲು ಎತ್ತಿ ನೀರಿಗಿಟ್ಟ."

"ಅಣ್ಣ?"

"ದಡದಲ್ಲಿ ನಿಂತಿದ್ದ. ಭಯ ಹೋಗಿರಲಿಲ್ಲ. ಅದು ಅವನಿಗೆ ಸಾಯುವ ತನಕ ಹೋಗಲಿಲ್ಲ. ಆದರೆ ಕೈ ಕಟ್ಟಿಕೊಂಡು ನಿಂತಿದ್ದ. ಅದು ಸರಪಳಿ ಹಾಕುವುದಕ್ಕಿಂತ ಕಷ್ಟದ ಕೆಲಸ. ಮಾಡಿ ನೋಡಿದವರಿಗೆ ಗೊತ್ತು."

ಚೆನ್ನವೀರನ ಮುಖ ಸ್ವಲ್ಪ ತಿಳಿಯಾಯಿತು. ಮೇಲೆದ್ದು ಕೈ ಮುಗಿದ.

"ತಿಳಿಯಿತು, ಗುರುಗಳೇ. ನಾಳೆ ಹಿರಿಯರ ಮುಂದೆ ಅವಳ ಪರವಾಗಿ ನಾನೇ ಮಾತಾಡುತ್ತೇನೆ. ಅವಳನ್ನು ಕಳಿಸುವುದು ಬೇಡ ಎನ್ನುತ್ತೇನೆ. ಸರಿಯಲ್ಲವೇ?"

ಗುರುಗಳು ತಲೆ ಎತ್ತಿ ಅವನ ಮುಖ ನೋಡಿದರು.

"ಅವಳ ದನಿಯೋ ಕಾಯಿಲೆಯ ದನಿಯೋ ಎಂದು ಕೇಳಿಕೊಂಡು ಇಷ್ಟು ದೂರ ಬಂದೆಯಲ್ಲ, ಮಗನೇ, ಅವಳ ದನಿ ನಿನ್ನ ಕಿವಿಗೆ ಬಿದ್ದು ಎಷ್ಟು ಕಾಲವಾಯಿತು?"

ಚೆನ್ನವೀರನ ಮುಗಿದ ಕೈ ಹಾಗೇ ಉಳಿಯಿತು. ತಂಗಿ ಹೇಳಿದ್ದನ್ನೆಲ್ಲ ಅವನು ಕೇಳಿದ್ದು ಮನೆಯವರ ಬಾಯಿಂದ.