ವೀಳ್ಯದೊಡ್ಡು

ಬಂಡೆಹಟ್ಟಿಯಿಂದ ಇಳಿಜಾರಿನಲ್ಲಿ ಸ್ವಲ್ಪ ನಡೆದರೆ ಒಂದು ಹಳೆಯ ಕೆರೆಯ ಏರಿ ಸಿಗುತ್ತದೆ. ನಡುವೆ ದೊಡ್ಡದಾಗಿ ಒಡೆದುಕೊಂಡು ನಿಂತಿರುವ ಈ ಏರಿಗೆ ವೀಳ್ಯದೊಡ್ಡು ಎಂದು ಹೆಸರು. ಕೆರೆಯಂಗಳದಲ್ಲಿ ಈಗ ಜಾಲಿ ಬೆಳೆದಿದೆ, ಕುರಿಗಳು ಮೇಯುತ್ತವೆ. ಹೊಸಬರು ಹೆಸರು ಕೇಳಿ ಇಲ್ಲೆಲ್ಲೋ ಎಲೆತೋಟವಿತ್ತೇನೋ ಎಂದುಕೊಳ್ಳುತ್ತಾರೆ. ತೋಟವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಇದ್ದದ್ದು ಎರಡು ಸಭೆಗಳು ಮತ್ತು ಅವುಗಳ ಒಣ ಜಂಭ.

ಹಿಂದೆ ಒಮ್ಮೆ ಈ ಸೀಮೆಗೆ ಕಟ್ಟಳೆ ಮಾಡುತ್ತಿದ್ದುದು ದಿನ್ನೆಯ ಮೇಲಣ ಬಂಡೆಹಟ್ಟಿಯ ಸಭೆ ಮತ್ತು ಏರಿಯ ಕೆಳಗಿನ ತಗ್ಗಿಹಳ್ಳಿಯ ಸಭೆ. 'ಸೀಮೆಗೆಲ್ಲ ಹಿರಿ ಸಭೆ ನಮ್ಮದೇ' ಎಂದು ಎರಡೂ ಹಟ ಹಿಡಿದಿದ್ದವು. ಕಿರಿಯ ಸಭೆಯವರು ಹಿರಿಯ ಸಭೆಯ ಕಟ್ಟೆಗೆ ಬಂದು ಮೊದಲ ವೀಳ್ಯ ಕೊಡಬೇಕು. ವೀಳ್ಯ ಪಡೆದವರು ಹೇಳಿದರೆ ಮಾತ್ರ ಕೆರೆಕೋಡಿಯ ಹಲಗೆ ಕಿತ್ತು ನೀರು ಬಿಡಬೇಕು. ಇದು ಪದ್ಧತಿ. ಇಬ್ಬರೂ ಕೊಡಲೊಲ್ಲರು. ಕೊನೆಗೆ ಎರಡೂ ಸಭೆಗಳು ಸೇರಿ, ವ್ಯಾಜ್ಯ ತೀರುವ ತನಕ ಹಲಗೆಯನ್ನು ಯಾರೂ ಮುಟ್ಟಕೂಡದೆಂದು ದೇವರ ಮುಂದೆ ಆಣೆ ಇಟ್ಟವು. ಬುದ್ಧಿ ಇದ್ದವರು ಮಾಡುವ ಕೆಲಸವೇ ಇದು! ಬಂಡೆಹಟ್ಟಿಯ ಯಜಮಾನ ಕೆಂಚೇಗೌಡನಿಗೆ ಮಾತ್ರ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಗ್ಗಿಹಳ್ಳಿಯ ಯಜಮಾನ ಮೂಡ್ಲಯ್ಯ ಅವನ ಬೀಗ. ಗೌಡ ತನ್ನ ಒಬ್ಬಳೇ ಮಗಳು ಸಾವಂತ್ರಮ್ಮನನ್ನು ಆ ಮನೆಗೇ ಕೊಟ್ಟಿದ್ದ. ಬೀಗನ ಮುಂದೆ ತಲೆ ತಗ್ಗಿಸುವುದೆಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಚಿತ್ತೆ ಮಳೆ ಬಿಡದೆ ಹೊಡೆಯಿತು. ಕೆರೆ ತುಂಬಿ ನೀರು ಏರಿಯ ಅಂಚಿಗೆ ಬಂತು. ಆಗ ಮೂಡ್ಲಯ್ಯನೇ ಸೋತ. ತನ್ನ ಸಭೆಯವರನ್ನೆಲ್ಲ ಕರೆದುಕೊಂಡು, ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು, ನೆನೆದುಕೊಂಡೇ ಬಂಡೆಹಟ್ಟಿಯ ಕಟ್ಟೆಗೆ ಬಂದ. "ತಗಳ್ರಿ ಬೀಗ್ರೆ, ನಿಮ್ದೇ ಹಿರಿ ಸಭೆ. ಬ್ಯಾಗ ಹಲಗೆ ಕೀಳಕ್ಕೆ ಹೇಳ್ರಿ. ಊರಾಗೆ ಹೆಂಗಸ್ರು ಮಕ್ಳು ಅವ್ರೆ" ಎಂದ. ಕೆಂಚೇಗೌಡನ ಎದೆ ಉಬ್ಬಿತು. ತಲೆಮಾರುಗಳಿಂದ ಕಾದ ಗಳಿಗೆ. ಇಂಥದ್ದನ್ನು ಮೂಲೆಯಲ್ಲಿ ಮುಗಿಸುವುದುಂಟೇ? "ಇರ್ರಿ, ನಮ್ಮ ಸಭೆಯೋರೂ ಬರ್ಲಿ. ಎಲ್ರ ಮುಂದೆ ಕ್ರಮವಾಗಿ ತಗಂತೀನಿ" ಎಂದು ಆಳನ್ನು ಮನೆಮನೆಗೆ ಅಟ್ಟಿದ. "ನಿಮ್ ಮಗಳೂ ಅಲ್ಲೇ ಅವ್ಳೆ ಗೌಡ್ರೆ" ಎಂದು ಮೂಡ್ಲಯ್ಯ ಅಂಗಲಾಚಿದ. ಗೌಡ ಪೇಟ ಸರಿಮಾಡಿಕೊಳ್ಳುತ್ತ, "ಬಂದ್ರು, ಬಂದ್ರು" ಎಂದ.

ಎಲ್ಲರೂ ಬಂದು ಕುಳಿತರು. ಗೌಡ ತಟ್ಟೆಗೆ ಕೈ ಚಾಚುವಷ್ಟರಲ್ಲಿ ನೆಲ ಅದುರಿತು. ಗುಡುಗೆಂದುಕೊಂಡರು. ಎದ್ದು ನೋಡಿದರೆ ಏರಿಯ ನಡುಭಾಗವೇ ಇಲ್ಲ. ಅದರ ಕೆಳಗೆ ತಗ್ಗಿಹಳ್ಳಿಯೂ ಇಲ್ಲ. ಒಂದು ಸೂರಿನ ತುದಿ ಸಹ ಕಾಣದಂತೆ ಕೆಂಪು ನೀರು ಹರಿಯುತ್ತಿತ್ತು. ಗೌಡನಿಗೆ ಕಣ್ಣೆದುರಿನದನ್ನು ನಂಬಲಾಗಲಿಲ್ಲ. ಮಗಳ ಮನೆ ಇದ್ದ ದಿಕ್ಕು ಯಾವುದೆಂದು ಬೀಗನನ್ನೇ ಕೇಳಿದನಂತೆ. ಮೂಡ್ಲಯ್ಯ ಬಗ್ಗಿ ತಟ್ಟೆಯನ್ನು ಗೌಡನ ಕಾಲ ಬಳಿ ಇಟ್ಟು, "ಇನ್ನು ಇರೋದು ನಿಮ್ದೊಂದೇ ಸಭೆ" ಎಂದ ಎನ್ನುತ್ತಾರೆ.

ಏರಿಗೆ ಈ ಹೆಸರು ಬಂದದ್ದು ಹೀಗೆ. ಒಡಕನ್ನು ಇಂದಿಗೂ ಯಾರೂ ಮುಚ್ಚಿಲ್ಲ. ಬಂಡೆಹಟ್ಟಿಯ ಸಭೆ ಈಗ ಸೇರುವುದು ಅದರ ಪಕ್ಕದಲ್ಲೇ. ಎಲ್ಲರೂ ನಿಂತೇ ಮಾತಾಡುತ್ತಾರೆ, ಯಜಮಾನನಿಗೆಂದು ಬೇರೆ ಜಾಗವಿಲ್ಲ. ನೋಡಲು ಹೋದವರು ಈ ಸೀಮೆಯಲ್ಲಿ ಎಲ್ಲಕ್ಕಿಂತ ಹಿರಿಯ ಸಭೆ ಯಾವುದೆಂದು ಕೇಳಿದರೆ, ಅಲ್ಲಿಯ ಜನ ತಡವರಿಸದೆ ಹೇಳುತ್ತಾರೆ: "ತಗ್ಗಿಹಳ್ಳೀದು, ಸ್ವಾಮಿ."